ಪಾಳಿ ಮುರಿದವರು ಯಾರು?

ಎಲ್ಲೋ ಒಂದು ಸೇತುವೆ ಕುಸಿದರೆ ಸಾಕು, ಸಂಜೆಯೊಳಗೆ ನಮ್ಮ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂದೇ ಬರುತ್ತದೆ: ‘ಕೋಟಾ ಎಂಜಿನಿಯರ್ ಕಟ್ಟಿದ್ದು’. ಟೆಂಡರ್ ಯಾರಿಗೆ ಹೋಗಿತ್ತು, ಬಿಲ್ ಪಾಸ್ ಮಾಡಿದವರು ಯಾರು, ಸಿಮೆಂಟ್ ಎಷ್ಟು, ಮರಳು ಎಷ್ಟು ಅಂತ ಯಾರೂ ಕೇಳುವುದಿಲ್ಲ. ಬಡ್ತಿ ಮೀಸಲಾತಿಯ ಬಗ್ಗೆ ಕೋರ್ಟಿನ ತೀರ್ಪು ಬಂದ ದಿನವಂತೂ ಕೇಳಲೇಬೇಡಿ. ಸಂವಿಧಾನದ 16ನೇ ವಿಧಿಯನ್ನು ಒಮ್ಮೆಯೂ ಓದದವರು ಅವತ್ತು ಸಂವಿಧಾನ ತಜ್ಞರಾಗುತ್ತಾರೆ. ಎಲ್ಲರ ಬಾಯಲ್ಲೂ ಒಂದೇ ಪದ: ಮೆರಿಟ್.

ನಾನು ಇವತ್ತು ಈ ಪದದ ಜೊತೆಗೇ ಜಗಳಕ್ಕೆ ನಿಂತಿದ್ದೇನೆ. ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ದಶಕಗಳಿಂದ ನಡೆದಿರುವ ಬಡ್ತಿ ಜಗಳಕ್ಕೂ ಮೆರಿಟ್‌ಗೂ ಸಂಬಂಧ ಬಹಳ ಕಡಿಮೆ. ಅದು ಜ್ಯೇಷ್ಠತೆಯ ಜಗಳ. ಜ್ಯೇಷ್ಠತೆ ಅಂದರೆ ಪಾಳಿ. ಕ್ಯೂಗೆ ನಮ್ಮ ಹುಬ್ಬಳ್ಳಿ ಕಡೆ ಪಾಳಿ ಅಂತೀವಿ. ಪಾಳಿಯಲ್ಲಿ ಯಾರು ಮುಂದೆ, ಯಾರು ಹಿಂದೆ ಅನ್ನುವುದಷ್ಟೇ ಅಲ್ಲಿಯ ಪ್ರಶ್ನೆ. ಪಾಳಿಯಲ್ಲಿ ನಿಂತವರು ಒಬ್ಬರ ಕಾಲರ್ ಒಬ್ಬರು ಹಿಡಿದಿದ್ದಾರೆ. ಪಾಳಿಯ ಲೆಕ್ಕ ಇಡಬೇಕಾದ ಸರ್ಕಾರ ಮಾತ್ರ ಕಿಟಕಿ ಮುಚ್ಚಿಕೊಂಡು ಒಳಗೆ ಚಹಾ ಕುಡಿಯುತ್ತಿದೆ.

ಮೊದಲು ಜಗಳ ಏನು ಅಂತ ತಿಳಿದುಕೊಳ್ಳೋಣ. ಫಾರ್ವರ್ಡ್ ಮಾಡುವವರಲ್ಲಿ ನೂರಕ್ಕೆ ತೊಂಬತ್ತು ಜನರಿಗೆ ಇದು ಗೊತ್ತಿಲ್ಲ ಅನ್ನುವುದು ನನ್ನ ಗುಮಾನಿ.

ಲೋಕೋಪಯೋಗಿ ಇಲಾಖೆಗೆ ಒಂದೇ ವರ್ಷ ಒಂದಿಷ್ಟು ಸಹಾಯಕ ಎಂಜಿನಿಯರ್‌ಗಳು ಸೇರುತ್ತಾರೆ ಅಂತಿಟ್ಟುಕೊಳ್ಳಿ. ಪಟ್ಟಿಯಲ್ಲಿ ಹತ್ತನೆಯವರು ಸಾಮಾನ್ಯ ವರ್ಗದವರು, ಹದಿನೆಂಟನೆಯವರು ಪರಿಶಿಷ್ಟ ಜಾತಿಯವರು. ಇಬ್ಬರೂ ಬಿಇ ಓದಿದವರೇ. ಕರ್ನಾಟಕದಲ್ಲಿ 1978ರ ಏಪ್ರಿಲ್ 27ರ ಸರ್ಕಾರಿ ಆದೇಶದಿಂದ ಬಡ್ತಿಯಲ್ಲೂ ಮೀಸಲಾತಿ ಇದೆ: ಪರಿಶಿಷ್ಟ ಜಾತಿಗೆ ಶೇ 15, ಪರಿಶಿಷ್ಟ ಪಂಗಡಕ್ಕೆ ಶೇ 3. ಯಾವ ಬಡ್ತಿ ಯಾರಿಗೆ ಅಂತ ಹೇಳಲು ರೋಸ್ಟರ್ ಇದೆ. ರೋಸ್ಟರ್‌ನ ಬಿಂದು ಬಂದಾಗ ಹದಿನೆಂಟನೆಯವರಿಗೆ ಮೊದಲು ಬಡ್ತಿ ಸಿಗುತ್ತದೆ, ಅವರು ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಆಗುತ್ತಾರೆ. ಐದಾರು ವರ್ಷ ಆದಮೇಲೆ ಹತ್ತನೆಯವರಿಗೂ ಅದೇ ಹುದ್ದೆ ಸಿಗುತ್ತದೆ. ಪ್ರಶ್ನೆ ಇರುವುದು ಇಲ್ಲಿ. ಈ ಹೊಸ ಹುದ್ದೆಯ ಪಟ್ಟಿಯಲ್ಲಿ ಯಾರು ಮೇಲೆ?

ಒಂದು ವಾದದ ಪ್ರಕಾರ, ಹತ್ತನೆಯವರು ಬಂದ ಕೂಡಲೇ ತಮ್ಮ ಹಳೆಯ ಜಾಗ ವಾಪಸ್ ಪಡೆಯುತ್ತಾರೆ. ಐದಾರು ವರ್ಷ ಅದೇ ಕುರ್ಚಿಯಲ್ಲಿ ಕೆಲಸ ಮಾಡಿದವರು ನಿನ್ನೆ ಬಂದವರ ಕೆಳಗೆ ಇಳಿಯುತ್ತಾರೆ. ಇಂಗ್ಲಿಷ್‌ನಲ್ಲಿ ಇದಕ್ಕೆ ‘ಕ್ಯಾಚ್ ಅಪ್’ ನಿಯಮ ಅನ್ನುತ್ತಾರೆ. ಇನ್ನೊಂದು ವಾದದ ಪ್ರಕಾರ, ಹುದ್ದೆಗೆ ಮೊದಲು ಬಂದವರೇ ಮೇಲೆ. ಬಡ್ತಿಯ ಜೊತೆಗೆ ಅದರ ಪಾಳಿಯೂ ಸಿಗಬೇಕು. ಇದಕ್ಕೆ ಕಚೇರಿಯ ಕನ್ನಡದಲ್ಲಿ ‘ತತ್ಪರಿಣಾಮ ಜ್ಯೇಷ್ಠತೆ’ ಅಂತ ಹೆಸರು. ಹೆಸರು ಗಡುಸಾಗಿದೆ, ವಿಷಯ ಸರಳ.

ಈಗ ಹೇಳಿ, ಇದರಲ್ಲಿ ಮೆರಿಟ್ ಎಲ್ಲಿ ಬಂತು? ‘ಹತ್ತನೆಯವರ ರ‍್ಯಾಂಕ್ ಮೇಲಿತ್ತಲ್ಲ’ ಅಂತೀರಿ. ಇತ್ತು. ಯಾವಾಗ? ಇಪ್ಪತ್ತು ವರ್ಷದ ಹಿಂದೆ, ಒಂದು ಪರೀಕ್ಷೆಯಲ್ಲಿ. ಆಮೇಲೆ ಯಾರು ಎಷ್ಟು ಕೆರೆ ಕಟ್ಟಿಸಿದರು, ಯಾರು ಎಷ್ಟು ರಸ್ತೆ ಕೆಡಿಸಿದರು ಅನ್ನುವ ಲೆಕ್ಕ ಆ ಪಟ್ಟಿಯಲ್ಲಿ ಇಲ್ಲ. ಬೇರೆ ಬೇರೆ ಬ್ಯಾಚಿನವರ ನಡುವೆಯಂತೂ ರ‍್ಯಾಂಕ್ ಪ್ರಶ್ನೆಯೇ ಇಲ್ಲ, ಕೆಲಸಕ್ಕೆ ಸೇರಿದ ತಾರೀಖೇ ಎಲ್ಲ. ಸರ್ಕಾರದ ಬಹುಪಾಲು ಬಡ್ತಿಗಳ ನಿಯಮವನ್ನು ಸರಳವಾಗಿ ಹೇಳಬೇಕೆಂದರೆ, ಪಾಳಿಯಲ್ಲಿ ಮುಂದೆ ಇದ್ದವರು ತೀರಾ ಅನರ್ಹರಲ್ಲದಿದ್ದರೆ ಅವರಿಗೇ ಬಡ್ತಿ. ತಾರೀಖನ್ನು ಮೆರಿಟ್ ಅಂತ ಕರೆಯುವುದಾದರೆ ನಮ್ಮೂರಿನ ಆಲದ ಮರಕ್ಕೆ ಮುಖ್ಯ ಎಂಜಿನಿಯರ್ ಹುದ್ದೆ ಕೊಡಬೇಕಾಗುತ್ತದೆ.

ನಮ್ಮ ಐಟಿ ಮಂದಿಗೆ ಇದು ಬೇಗ ಅರ್ಥವಾಗಬೇಕು. ‘ಹತ್ತು ವರ್ಷ ಅನುಭವ’ ಅಂದರೆ ಹತ್ತು ವರ್ಷದ ಕಲಿಕೆಯೋ, ಒಂದೇ ವರ್ಷವನ್ನು ಹತ್ತು ಸಲ ಮಾಡಿದ್ದೋ ಅಂತ ಇಂಟರ್‌ವ್ಯೂನಲ್ಲಿ ನಾವೇ ನಗುತ್ತೇವೆ. ಆದರೆ ಸರ್ಕಾರಿ ನೌಕರಿಯ ಮಾತು ಬಂದ ಕೂಡಲೇ ಸೇರಿದ ತಾರೀಖು ನಮಗೆ ಪವಿತ್ರವಾಗಿಬಿಡುತ್ತದೆ.

ಈ ಜಗಳಕ್ಕೂ ಹುಬ್ಬಳ್ಳಿಯಂಥ ರೈಲ್ವೆ ಊರಿಗೂ ಹಳೆಯ ನಂಟಿದೆ. ಬಡ್ತಿಯಲ್ಲಿ ಮೀಸಲಾತಿ ಕೊಡಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದದ್ದು ದಕ್ಷಿಣ ರೈಲ್ವೆಯ ಜನರಲ್ ಮ್ಯಾನೇಜರ್ ಮತ್ತು ರಂಗಾಚಾರಿ ನಡುವಿನ ಪ್ರಕರಣದಲ್ಲಿ, 1961ರಲ್ಲಿ. ಆಗ ಹುಬ್ಬಳ್ಳಿಯೂ ದಕ್ಷಿಣ ರೈಲ್ವೆಯಲ್ಲೇ ಇತ್ತು. ಕೊಡಬಹುದು ಅಂತ ಐವರಲ್ಲಿ ಮೂವರು ನ್ಯಾಯಮೂರ್ತಿಗಳು ಹೇಳಿದರು. 1992ರಲ್ಲಿ ಇಂದಿರಾ ಸಾಹ್ನಿ ಪ್ರಕರಣದಲ್ಲಿ, ಅಂದರೆ ಮಂಡಲ್ ತೀರ್ಪಿನಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಡ್ತಿಯಲ್ಲಿ ಮೀಸಲಾತಿ ಬೇಡ ಅಂತು. 1995ರಲ್ಲಿ ಸಂಸತ್ತು 77ನೇ ತಿದ್ದುಪಡಿ ತಂದು ಪರಿಶಿಷ್ಟರಿಗೆ ಅದನ್ನು ಉಳಿಸಿತು. ಅದೇ ವರ್ಷ ರೈಲ್ವೆ ಗಾರ್ಡ್‌ಗಳ ಕೇಸಿನಲ್ಲಿ, ಅಂದರೆ ವೀರಪಾಲ್ ಸಿಂಗ್ ಚೌಹಾಣ್ ಪ್ರಕರಣದಲ್ಲಿ, ಕ್ಯಾಚ್ ಅಪ್ ನಿಯಮಕ್ಕೆ ಕೋರ್ಟಿನ ಮುದ್ರೆ ಬಿತ್ತು. 1999ರ ಅಜಿತ್ ಸಿಂಗ್ ತೀರ್ಪಿನಲ್ಲಿ ಅದು ಗಟ್ಟಿಯಾಯಿತು. 2000ದ ಡಿಸೆಂಬರ್‌ನಲ್ಲಿ ಬಡಪ್ಪನವರ ಪ್ರಕರಣದ ಮೂಲಕ ನೇರವಾಗಿ ಕರ್ನಾಟಕಕ್ಕೇ ಬಂತು. ಮರುವರ್ಷ ಸಂಸತ್ತು 85ನೇ ತಿದ್ದುಪಡಿ ಮಾಡಿ, 1995ರ ಜೂನ್ 17ರಿಂದಲೇ ಅನ್ವಯವಾಗುವಂತೆ, ತತ್ಪರಿಣಾಮ ಜ್ಯೇಷ್ಠತೆಯನ್ನು ಸಂವಿಧಾನದೊಳಗೇ ಬರೆಯಿತು. ಕರ್ನಾಟಕ 2002ರಲ್ಲಿ ಅದಕ್ಕೆ ತನ್ನದೇ ಕಾಯ್ದೆ ಮಾಡಿತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಯಾಕೆ ಅನ್ನುವುದೇ ನನ್ನ ಇವತ್ತಿನ ತಕರಾರು.

2006ರ ಅಕ್ಟೋಬರ್‌ನಲ್ಲಿ ಎಂ. ನಾಗರಾಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ತಿದ್ದುಪಡಿಗಳನ್ನು ಎತ್ತಿಹಿಡಿಯಿತು, ಆದರೆ ಒಂದು ಷರತ್ತು ಹಾಕಿತು. ಬಡ್ತಿಯಲ್ಲಿ ಮೀಸಲಾತಿ ಕೊಡುವ ಸರ್ಕಾರ ಲೆಕ್ಕ ತೋರಿಸಬೇಕು: ಆ ಸಮುದಾಯ ಹಿಂದುಳಿದಿದೆಯೇ, ಹುದ್ದೆಗಳಲ್ಲಿ ಅವರ ಪ್ರಾತಿನಿಧ್ಯ ಕಡಿಮೆ ಇದೆಯೇ, ಆಡಳಿತದ ದಕ್ಷತೆಗೆ ಧಕ್ಕೆ ಇಲ್ಲವೇ. ಹಿಂದುಳಿದಿರುವಿಕೆಯ ಲೆಕ್ಕವನ್ನು ಪರಿಶಿಷ್ಟರಿಗೆ ಮತ್ತೆ ಕೇಳಬೇಕಿಲ್ಲ ಅಂತ 2018ರ ಜರ್ನೈಲ್ ಸಿಂಗ್ ತೀರ್ಪು ಆ ಭಾಗವನ್ನು ತೆಗೆದುಹಾಕಿತು. ಉಳಿದದ್ದರಲ್ಲಿ ಮುಖ್ಯವಾದದ್ದು ಒಂದೇ: ಎಣಿಸಿ ತೋರಿಸಿ.

ಎಣಿಸುವುದು. ಇಷ್ಟೇ ಕೆಲಸ. ಯಾವ ಇಲಾಖೆಯಲ್ಲಿ, ಯಾವ ವೃಂದದಲ್ಲಿ, ಎಷ್ಟು ಹುದ್ದೆ, ಅದರಲ್ಲಿ ಯಾರು ಎಷ್ಟು ಜನ. ಕರ್ನಾಟಕ ಸರ್ಕಾರ 2006ರಿಂದ 2017ರವರೆಗೆ, ಹನ್ನೊಂದು ವರ್ಷ, ಕೋರ್ಟು ಒಪ್ಪುವಂಥ ಒಂದು ಲೆಕ್ಕ ಮಾಡಲಿಲ್ಲ. ಈ ಹನ್ನೊಂದು ವರ್ಷದಲ್ಲಿ ಕಾಂಗ್ರೆಸ್, ಜೆಡಿಎಸ್, ಬಿಜೆಪಿ ಮೂವರೂ ಅಧಿಕಾರದಲ್ಲಿದ್ದರು. ಹಾಗಾಗಿ ಯಾರ ಅಭಿಮಾನಿಗಳೂ ಇಲ್ಲಿ ಎದೆ ತಟ್ಟಿಕೊಳ್ಳುವ ಹಾಗಿಲ್ಲ.

2017ರ ಫೆಬ್ರವರಿ 9. ಬಿ.ಕೆ. ಪವಿತ್ರ ಪ್ರಕರಣದ ತೀರ್ಪು ಬಂತು. ನ್ಯಾಯಮೂರ್ತಿಗಳಾದ ಆದರ್ಶ ಕುಮಾರ್ ಗೋಯಲ್ ಮತ್ತು ಯು.ಯು. ಲಲಿತ್ ಅವರ ಪೀಠ ನಮ್ಮ 2002ರ ಕಾಯ್ದೆಯ ಮುಖ್ಯ ಸೆಕ್ಷನ್‌ಗಳನ್ನು ರದ್ದು ಮಾಡಿತು. ಕಾರಣ? ಲೆಕ್ಕ ಇಲ್ಲ. ಮೂರು ತಿಂಗಳಲ್ಲಿ ಜ್ಯೇಷ್ಠತಾ ಪಟ್ಟಿ ಬದಲಾಯಿಸಿ ಅಂತ ಆದೇಶವಾಯಿತು. ರಾಜ್ಯದ ಎಲ್ಲ ಇಲಾಖೆಗಳಲ್ಲಿ ನಡುಕ ಹುಟ್ಟಿತು. ವರ್ಷಗಟ್ಟಲೆ ಒಂದು ಹುದ್ದೆಯಲ್ಲಿ ಕೆಲಸ ಮಾಡಿದವರು ಹಿಂಬಡ್ತಿಯ ಕಾಗದಕ್ಕೆ ಕಾದು ಕುಳಿತರು.

ಆಗ ಸರ್ಕಾರಕ್ಕೆ ಎಚ್ಚರವಾಯಿತು. ಮಾರ್ಚ್‌ನಲ್ಲಿ ಹಿರಿಯ ಐಎಎಸ್ ಅಧಿಕಾರಿ ಕೆ. ರತ್ನಪ್ರಭಾ ಅವರಿಗೆ ಲೆಕ್ಕ ಮಾಡಲು ಹೇಳಿದರು. ಮೇ ತಿಂಗಳಲ್ಲಿ ವರದಿ ಬಂತು, 31 ಇಲಾಖೆಗಳ ಅಂಕಿಅಂಶದ ಸಮೇತ. ಹನ್ನೊಂದು ವರ್ಷ ಆಗದ ಕೆಲಸ ಎರಡು ತಿಂಗಳೊಳಗೆ ಆಯಿತು! ಆ ವರದಿಯ ಆಧಾರದ ಮೇಲೆ 2017ರ ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಹೊಸ ವಿಧೇಯಕ ಪಾಸಾಯಿತು. ರಾಷ್ಟ್ರಪತಿಗಳ ಅಂಕಿತ ಬಿದ್ದು 2018ರ ಜೂನ್‌ನಲ್ಲಿ ಕಾಯ್ದೆಯಾಯಿತು. 2019ರ ಮೇ 10ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಒಂದು ವಿಷಯ ಗಮನಿಸಿ. 2019ರ ಪೀಠದಲ್ಲಿ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಜೊತೆ ಕೂತಿದ್ದವರು ಅದೇ ಯು.ಯು. ಲಲಿತ್. 2017ರಲ್ಲಿ ಹಳೆಯ ಕಾಯ್ದೆಯನ್ನು ಬೀಳಿಸಿದ ಪೀಠದಲ್ಲೂ ಅವರಿದ್ದರು, 2019ರಲ್ಲಿ ಹೊಸ ಕಾಯ್ದೆಯನ್ನು ಉಳಿಸಿದ ಪೀಠದಲ್ಲೂ ಅವರಿದ್ದರು. ನಡುವೆ ಬದಲಾದದ್ದು ಅವರ ಮನಸ್ಸಲ್ಲ, ಸಂವಿಧಾನವಲ್ಲ, ಮೆರಿಟ್ ಅಲ್ಲ. ಬದಲಾದದ್ದು ಒಂದೇ: ಈ ಸಲ ಸರ್ಕಾರದ ಕೈಯಲ್ಲಿ ಒಂದು ಲೆಕ್ಕದ ಹಾಳೆ ಇತ್ತು.

ಆ ಹಾಳೆ ಇಲ್ಲದ ಕಾರಣಕ್ಕೆ ಸಾವಿರಾರು ಮನೆಗಳಲ್ಲಿ ಎರಡು ವರ್ಷ ನಿದ್ದೆ ಇರಲಿಲ್ಲ. ಎರಡೂ ಕಡೆಯವರ ಮನೆಗಳಲ್ಲಿ. ಪಟ್ಟಿ ಬದಲಾದಾಗ ಒಬ್ಬರು ಕೆಳಗಿಳಿದರು, ಮತ್ತೆ ಬದಲಾದಾಗ ಇನ್ನೊಬ್ಬರು. ನಿನ್ನೆಯ ಸಾಹೇಬರು ಇವತ್ತಿನ ಕೈಕೆಳಗಿನವರು. ಇಬ್ಬರೂ ಒಂದೇ ಕಚೇರಿಯಲ್ಲಿ, ಒಂದೇ ಚಹಾದಂಗಡಿ ಎದುರು ಮುಖ ತಿರುಗಿಸಿಕೊಂಡು ಓಡಾಡಿದರು. ಸಹೋದ್ಯೋಗಿಗಳನ್ನು ಹೀಗೆ ಶತ್ರುಗಳನ್ನಾಗಿ ಮಾಡಿದ್ದು ಅಂಬೇಡ್ಕರ್ ಅಲ್ಲ, ಸ್ವಾಮಿ. ಎಣಿಸದೇ ಕೂತ ಸರ್ಕಾರ.

ಈಗ ಸಾಮಾನ್ಯ ವರ್ಗದ ನೌಕರರ ವಾದಕ್ಕೆ ಬರೋಣ. ಅದರಲ್ಲಿ ಹುರುಳೇ ಇಲ್ಲ ಅಂತ ನಾನು ಹೇಳುವುದಿಲ್ಲ. ಅವರು ಹೇಳುವುದು ಇದು: ಒಮ್ಮೆ ರೋಸ್ಟರ್‌ನಿಂದ ಬೇಗ ಬಡ್ತಿ, ಅದರ ಜೊತೆ ಜ್ಯೇಷ್ಠತೆ, ಆ ಜ್ಯೇಷ್ಠತೆಯಿಂದ ಮುಂದಿನ ಬಡ್ತಿ. ಹೀಗೆ ಬಡ್ಡಿಗೆ ಬಡ್ಡಿ ಸೇರಿ, ಮೇಲಿನ ವೃಂದದ ಪಟ್ಟಿಯಲ್ಲಿ ಮೊದಲ ಸಾಲುಗಳೆಲ್ಲ ಮೀಸಲಾತಿಯಿಂದ ಬಂದವರಿಂದಲೇ ತುಂಬುತ್ತವೆ, ಶೇ 15 ಮತ್ತು 3ರ ಮಿತಿ ದಾಟುತ್ತದೆ. ಪವಿತ್ರ ಪ್ರಕರಣದಲ್ಲಿ ಲೋಕೋಪಯೋಗಿ ಇಲಾಖೆಯ ಪಟ್ಟಿ ಮುಂದಿಟ್ಟು ಅವರು ವಾದಿಸಿದ್ದು ಇದನ್ನೇ.

ಕೆಲವು ವೃಂದಗಳಲ್ಲಿ ಹೀಗೆ ಆಗಿರಬಹುದು. ಆದರೆ ಇದಕ್ಕೆ ಔಷಧಿ ಏನು? ಪಾಳಿಯಲ್ಲಿ ಮುಂದೆ ಬಂದವರನ್ನು ಹಿಂದಕ್ಕೆ ನೂಕುವುದಲ್ಲ. ಔಷಧಿ ಆಗಲೇ ನಿಯಮದಲ್ಲಿದೆ. 1995ರ ಫೆಬ್ರವರಿಯಲ್ಲೇ ಆರ್.ಕೆ. ಸಬರ್ವಾಲ್ ಪ್ರಕರಣದಲ್ಲಿ ಸಂವಿಧಾನ ಪೀಠ ಹೇಳಿತ್ತು: ರೋಸ್ಟರ್ ಹುದ್ದೆಗಳ ಲೆಕ್ಕ, ಖಾಲಿ ಜಾಗಗಳ ಲೆಕ್ಕವಲ್ಲ. ಮೀಸಲು ಹುದ್ದೆಗಳು ತುಂಬಿದ ಮೇಲೆ ರೋಸ್ಟರ್ ನಿಲ್ಲಬೇಕು. ಕರ್ನಾಟಕ ಸರ್ಕಾರದ್ದೇ 1999ರ ಏಪ್ರಿಲ್‌ನ ಆದೇಶವೂ ಇದೆ: ಪ್ರಾತಿನಿಧ್ಯ ಶೇ 15 ಮತ್ತು ಶೇ 3 ಮುಟ್ಟುವವರೆಗೆ ಮಾತ್ರ ಬಡ್ತಿಯಲ್ಲಿ ರೋಸ್ಟರ್. ಅಂದರೆ ಗಾಡಿಗೆ ಬ್ರೇಕ್ ಇದೆ. ಬ್ರೇಕ್ ಯಾವಾಗ ಹಾಕಬೇಕು ಅಂತ ತಿಳಿಯಲು ಮೀಟರ್ ನೋಡಬೇಕು. ಮೀಟರನ್ನೇ ಸರ್ಕಾರ ಬಿಚ್ಚಿಟ್ಟಿದೆ. ಮಿತಿ ಮುಟ್ಟಿದ್ದೇವೆಯೋ ಇಲ್ಲವೋ ಅಂತ ಹೇಳಬೇಕಾದವರು ಎಣಿಸುವುದೇ ಇಲ್ಲ ಅಂದರೆ, ಒಬ್ಬರಿಗೆ ಮಿತಿ ದಾಟಿದೆ ಅನ್ನಿಸುತ್ತದೆ, ಇನ್ನೊಬ್ಬರಿಗೆ ಹತ್ತಿರವೂ ಬಂದಿಲ್ಲ ಅನ್ನಿಸುತ್ತದೆ. ಇಬ್ಬರೂ ಪ್ರಾಮಾಣಿಕವಾಗಿಯೇ ಹೇಳುತ್ತಿರಬಹುದು!

ಇನ್ನೂ ತಮಾಷೆ ಇದೆ. ಕೊನೆಗೂ ಎಣಿಸಿದರಲ್ಲ, ಹೇಗೆ ಎಣಿಸಿದರು? ಎ, ಬಿ, ಸಿ, ಡಿ ಅನ್ನುವ ನಾಲ್ಕು ಗುಂಪುಗಳಾಗಿ. ಎ ಗುಂಪಿನಲ್ಲಿ ಡಾಕ್ಟರೂ ಬರುತ್ತಾರೆ, ಎಂಜಿನಿಯರೂ ಬರುತ್ತಾರೆ, ತಹಶೀಲ್ದಾರರ ಮೇಲಿನವರೂ ಬರುತ್ತಾರೆ. ಬಡ್ತಿ ಆಗುವುದು ಗುಂಪಿನಲ್ಲಲ್ಲ, ವೃಂದದಲ್ಲಿ. 2019ರ ತೀರ್ಪು ಈ ಗುಂಪಿನ ಲೆಕ್ಕವನ್ನು ಒಪ್ಪಿಕೊಂಡಿತ್ತು. 2022ರ ಜನವರಿ 28ರಂದು ಜರ್ನೈಲ್ ಸಿಂಗ್ ಪ್ರಕರಣದ ಮುಂದುವರಿದ ಭಾಗದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಲೆಕ್ಕ ವೃಂದವಾರು ಇರಬೇಕು, ಪವಿತ್ರ ಪ್ರಕರಣದಲ್ಲಿ ಗುಂಪಿನ ಲೆಕ್ಕ ಒಪ್ಪಿದ್ದು ಸರಿಯಲ್ಲ ಅಂತ ಹೇಳಿತು. ಡೇಟಾಬೇಸ್ ಜೊತೆ ಒಂದು ವಾರ ಕೆಲಸ ಮಾಡಿದ ಫ್ರೆಶರ್‌ಗೂ ಗೊತ್ತು: ‘ಗ್ರೂಪ್ ಬೈ’ ತಪ್ಪಾದ ಕಾಲಂ ಮೇಲೆ ಹಾಕಿದರೆ ಉತ್ತರ ಬರುತ್ತದೆ, ಆದರೆ ಅದು ಬೇರೆ ಯಾವುದೋ ಪ್ರಶ್ನೆಯ ಉತ್ತರ. ಕೋಟ್ಯಂತರ ರೂಪಾಯಿಯ ಇ-ಆಡಳಿತ, ಪ್ರತಿ ನೌಕರನ ಸಂಬಳ ಎಚ್‌ಆರ್‌ಎಂಎಸ್ ತಂತ್ರಾಂಶದಲ್ಲಿ ತಿಂಗಳು ತಿಂಗಳು ತಪ್ಪದೇ ಆಗುತ್ತದೆ. ಅಂದರೆ ಯಾರು ಯಾವ ಹುದ್ದೆಯಲ್ಲಿ ಇದ್ದಾರೆ ಅಂತ ಕಂಪ್ಯೂಟರಿಗೆ ಗೊತ್ತು. ಆ ಲೆಕ್ಕವನ್ನು ಜನರಿಗೆ ತೋರಿಸುವ ಮನಸ್ಸಿಲ್ಲ, ಅಷ್ಟೇ.

ಆ ರತ್ನಪ್ರಭಾ ವರದಿಯಲ್ಲಿ ಇನ್ನೊಂದು ಸಂಗತಿ ಇದೆ. ನಮ್ಮ ಮೆರಿಟ್ ಭಕ್ತರು ಅದನ್ನು ಎರಡು ಸಲ ಓದಬೇಕು. ಎ, ಬಿ, ಸಿ ಗುಂಪುಗಳಲ್ಲಿ ಪರಿಶಿಷ್ಟರ ಪ್ರಾತಿನಿಧ್ಯ ಇರಬೇಕಾದ್ದಕ್ಕಿಂತ ಕಡಿಮೆ. ಡಿ ಗುಂಪಿನಲ್ಲಿ ಮಾತ್ರ ಸಾಕಷ್ಟಿದೆ. ಡಿ ಗುಂಪು ಅಂದರೆ ಯಾರು? ಜವಾನರು, ಕಾವಲುಗಾರರು, ಕಸ ಗುಡಿಸುವವರು. ‘ಅಯ್ಯೋ, ಪೊರಕೆ ಹಿಡಿಯುವ ಕೆಲಸದಲ್ಲಿ ಅವರ ಪ್ರಮಾಣ ಮಿತಿ ಮೀರಿದೆ, ನಮಗೆ ಅನ್ಯಾಯವಾಗಿದೆ’ ಅಂತ ಯಾರಾದರೂ ಕೋರ್ಟಿಗೆ ಹೋಗಿದ್ದನ್ನು ನಾನಂತೂ ಕೇಳಿಲ್ಲ. ಹುಬ್ಬಳ್ಳಿ-ಧಾರವಾಡದ ಬೀದಿಗಳಲ್ಲಿ ಬೆಳಗಿನ ಐದೂವರೆಗೆ ಪೊರಕೆ ಹಿಡಿದವರನ್ನು ನೋಡಿ ‘ಇಲ್ಲಿ ಮೆರಿಟ್ ಇಲ್ಲ’ ಅಂತ ಯಾರೂ ಸ್ಟೇಟಸ್ ಹಾಕುವುದಿಲ್ಲ. ನಮ್ಮ ಮೆರಿಟ್ ಚಿಂತೆ ಶುರುವಾಗುವುದು ಕುರ್ಚಿ ಇರುವ ಮಹಡಿಯಿಂದ ಮಾತ್ರ.

ದಕ್ಷತೆ ಅನ್ನುವ ಪದಕ್ಕೂ ನೂರು ದಾಟಿದೆ. 1902ರಲ್ಲಿ ನಮ್ಮ ನೆರೆಯ ಕೊಲ್ಲಾಪುರದಲ್ಲಿ ಶಾಹು ಮಹಾರಾಜರು ಹಿಂದುಳಿದವರಿಗೆ ಅರ್ಧದಷ್ಟು ಹುದ್ದೆ ಮೀಸಲಿಟ್ಟಾಗಲೂ ಇದೇ ಕೂಗು. 1918ರಲ್ಲಿ ಮೈಸೂರಿನಲ್ಲಿ ಮಿಲ್ಲರ್ ಸಮಿತಿ ನೇಮಕವಾದಾಗಲೂ ಇದೇ. ನಾವು ಎಂಜಿನಿಯರ್‌ಗಳ ದಿನ ಹಾರ ಹಾಕುವ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟದ್ದಕ್ಕೆ ಈ ಭಿನ್ನಾಭಿಪ್ರಾಯವೂ ಒಂದು ಕಾರಣ. ಮೀಸಲಾತಿ ಬಂದರೆ ಆಡಳಿತ ಹಾಳಾಗುತ್ತದೆ ಅಂತ ಅವತ್ತು ಹೆದರಿದ್ದರು. ಮೀಸಲಾತಿ ಬಂತು. ಆಡಳಿತ ಹಾಳಾದದ್ದಕ್ಕೆ ಬೇರೆ ಕಾರಣಗಳು ನಮ್ಮೆಲ್ಲರಿಗೂ ಗೊತ್ತಿವೆ. ಖಾತೆ ಬದಲಾವಣೆಗೆ ಲಂಚ ಕೇಳುವಾಗ ಯಾರೂ ಜಾತಿ ಪ್ರಮಾಣಪತ್ರ ತೋರಿಸುವುದಿಲ್ಲ.

ಇನ್ನು ನನ್ನ ಮಾತು. ನಾನು ಹಳ್ಳಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು. ಸಿಇಟಿಯಲ್ಲಿ ನನಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದ್ದು ಗ್ರಾಮೀಣ ಕೋಟಾದಲ್ಲಿ. ಶೇ 15 ಸೀಟು ಹಳ್ಳಿಯಲ್ಲಿ ಓದಿದವರಿಗೆ, ಶೇ 5 ಕನ್ನಡ ಮಾಧ್ಯಮದವರಿಗೆ. ಸಿಟಿ ಹುಡುಗರಿಗಿಂತ ಕಡಿಮೆ ರ‍್ಯಾಂಕ್ ತಗೊಂಡು ಅವರ ಪಕ್ಕದಲ್ಲೇ ಕೂತು ಓದಿದೆ. ನನ್ನ ಕೋಡ್ ಪ್ರೊಡಕ್ಷನ್‌ನಲ್ಲಿ ಬಿದ್ದಾಗ ‘ಗ್ರಾಮೀಣ ಕೋಟಾದವನು ಬರೆದದ್ದು’ ಅಂತ ಇವತ್ತಿನವರೆಗೆ ಯಾರೂ ಅಂದಿಲ್ಲ. ನನ್ನ ಜ್ಞಾನದ ಬಗ್ಗೆ ಅನುಮಾನ ಪಟ್ಟಿದ್ದಾರೆ, ಆದರೆ ಕೋಟಾದ ಹೆಸರಲ್ಲಿ ಅಲ್ಲ. ರಾಜ್ಯ ಸರ್ಕಾರದ ನೇಮಕಾತಿಯಲ್ಲೂ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25 ಇದೆ. ಅದಕ್ಕೆ ಯಾರೂ ಮೀಮ್ ಮಾಡುವುದಿಲ್ಲ. ಹಾಗಾದರೆ ಸಿಟ್ಟು ಕೋಟಾದ ಮೇಲಲ್ಲ, ಕೋಟಾ ಯಾರಿಗೆ ಸಿಕ್ಕಿತು ಅನ್ನುವುದರ ಮೇಲೆ. ಇದನ್ನು ಒಪ್ಪಿಕೊಂಡು ಮಾತಾಡಿದರೆ ಕನಿಷ್ಠ ಜಗಳವಾದರೂ ಪ್ರಾಮಾಣಿಕವಾಗಿರುತ್ತದೆ.

ನಮ್ಮ ಆಫೀಸುಗಳನ್ನೇ ನೋಡಿ. ರೆಫರಲ್ ಅಂದರೆ ಏನು? ಗೆಳೆಯನ ಕೋಟಾ. ‘ಟಾಪ್ ಕಾಲೇಜುಗಳಿಂದ ಮಾತ್ರ’ ಅಂದರೆ ಏನು? ಅಪ್ಪನ ಫೀಸಿನ ಕೋಟಾ. ಅಪ್ರೈಸಲ್‌ನಲ್ಲಿ ಮ್ಯಾನೇಜರ್ ಜೊತೆ ಕ್ರಿಕೆಟ್ ಆಡುವವನಿಗೆ ಒಳ್ಳೆಯ ರೇಟಿಂಗ್ ಬರುತ್ತದಲ್ಲ, ಅದು? ಇವುಗಳಿಗೆ ರೋಸ್ಟರ್ ಇಲ್ಲ, ಮಿತಿ ಇಲ್ಲ, ಕೋರ್ಟಿಗೆ ಹೋಗುವ ದಾರಿಯೂ ಇಲ್ಲ. ಬರೆದಿಟ್ಟ ಕೋಟಾ ಕಣ್ಣು ಚುಚ್ಚುತ್ತದೆ, ಬರೆಯದ ಕೋಟಾಕ್ಕೆ ನಾವು ‘ನೆಟ್‌ವರ್ಕಿಂಗ್’ ಅನ್ನುತ್ತೇವೆ.

ನಮ್ಮ ದೊಡ್ಡಪ್ಪ ಒಂದು ಇಲಾಖೆಯಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತರಾದರು. ಯಾವ ಇಲಾಖೆ ಅನ್ನುವುದು ಬೇಡ, ಎಲ್ಲ ಕಡೆಯೂ ಅದೇ. ಅವರು ಸಾಮಾನ್ಯ ವರ್ಗ. ಕೊನೆಯ ಬಡ್ತಿ ಸಿಗಲೇ ಇಲ್ಲ. ‘ಕೋಟಾದವರು ನನ್ನ ಪಾಳಿ ಕಸಗೊಂಡರು’ ಅಂತ ಕೊನೆಯವರೆಗೂ ಹೇಳುತ್ತಿದ್ದರು. ಅವರ ಕಾಗದಪತ್ರಗಳ ಚೀಲ ಒಮ್ಮೆ ಬಿಚ್ಚಿ ನೋಡಿದೆ. ಜ್ಯೇಷ್ಠತಾ ಪಟ್ಟಿ ಇತ್ತು, ಮೇಲೆ ‘ತಾತ್ಕಾಲಿಕ’ ಅಂತ ಮುದ್ರೆ. ಆಕ್ಷೇಪಣೆ ಕರೆದಿದ್ದರು, ಇವರು ಬರೆದಿದ್ದರು, ಉತ್ತರ ಇಲ್ಲ. ಏಳು ವರ್ಷ ಕಳೆದರೂ ಅಂತಿಮ ಪಟ್ಟಿ ಬಂದಿರಲಿಲ್ಲ. ಪಟ್ಟಿ ಅಂತಿಮವಾಗದೆ ಬಡ್ತಿ ಸಮಿತಿ ಸೇರುವುದಿಲ್ಲ, ಸಮಿತಿ ಸೇರದೆ ಯಾರಿಗೂ ಬಡ್ತಿ ಇಲ್ಲ. ಅದೇ ಪಟ್ಟಿಯಲ್ಲಿ ಅವರ ಮೇಲೆ ಹೆಸರಿದ್ದ ಪರಿಶಿಷ್ಟ ಜಾತಿಯ ಸಹೋದ್ಯೋಗಿಯೂ ಅದೇ ಹುದ್ದೆಯಲ್ಲೇ ನಿವೃತ್ತರಾದರು. ಪಾಳಿ ಕಸಿದುಕೊಂಡದ್ದು ಅವರಲ್ಲ. ಮೇಲಿನ ಖಾಲಿ ಕುರ್ಚಿಯಲ್ಲಿ ‘ಪ್ರಭಾರ’ ಅಂತ ಒಬ್ಬರನ್ನು ಕೂರಿಸಿ, ಆ ಪ್ರಭಾರಕ್ಕೂ ರೇಟು ಇಟ್ಟವರು ಕಸಿದುಕೊಂಡರು. ಪ್ರಭಾರದ ಕುರ್ಚಿಗೆ ರೋಸ್ಟರ್ ಇಲ್ಲ, ಜ್ಯೇಷ್ಠತೆ ಇಲ್ಲ. ಮೇಲಿನವರ ಮರ್ಜಿಯೇ ನಿಯಮ.

ಇದೆಲ್ಲ ನೌಕರಿಯಲ್ಲಿ ಇದ್ದವರ ಮಾತು. ನೌಕರಿಯೇ ಇಲ್ಲದವರ ಕಥೆ ನೋಡಬೇಕೆಂದರೆ ಧಾರವಾಡಕ್ಕೆ ಬನ್ನಿ. ಸಪ್ತಾಪುರದ ಕಡೆ ಒಂದು ಸುತ್ತು ಹಾಕಿ. ಕೋಚಿಂಗ್ ಸೆಂಟರ್, ಓದುವ ಕೋಣೆ, ಪಿಜಿ, ಝೆರಾಕ್ಸ್ ಅಂಗಡಿ, ಮತ್ತೆ ಕೋಚಿಂಗ್ ಸೆಂಟರ್. ವಿಜಯಪುರ, ಬಾಗಲಕೋಟೆ, ಕೊಪ್ಪಳ, ರಾಯಚೂರುಗಳಿಂದ ಬಂದ ಹುಡುಗ ಹುಡುಗಿಯರು ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ವರ್ಷಗಟ್ಟಲೆ ಓದುತ್ತಾರೆ. ಅಪ್ಪ ಊರಲ್ಲಿ ಹತ್ತಿ ಮಾರಿ ರೊಕ್ಕ ಕಳಿಸುತ್ತಾನೆ. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆ ಖಾಲಿ ಇವೆ ಅಂತ ಸರ್ಕಾರವೇ ಹೇಳುತ್ತದೆ. 2024ರ ಅಕ್ಟೋಬರ್ 28ರಂದು ಸಂಪುಟ, ಪರಿಶಿಷ್ಟ ಜಾತಿಯ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಅಂತ ನಿರ್ಧರಿಸಿತು. ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ವರದಿ ಬಂದು, 6-6-5 ಸೂತ್ರಕ್ಕೆ ಸಂಪುಟ ಒಪ್ಪುವ ಹೊತ್ತಿಗೆ 2025ರ ಆಗಸ್ಟ್ ಆಗಿತ್ತು. ಒಳಮೀಸಲಾತಿ ಬೇಕೇ ಬೇಕು. ಅದಕ್ಕಾಗಿ ಮೂರು ದಶಕ ಹೋರಾಡಿದವರ ಬೆವರಿದೆ. ಆದರೆ ಇಲ್ಲೂ ಅದೇ ರೋಗ: ಲೆಕ್ಕ ಮೊದಲೇ ಸಿದ್ಧ ಇರಲಿಲ್ಲ, ಲೆಕ್ಕ ಮಾಡುವವರೆಗೆ ಎಲ್ಲರೂ ಕಾಯಿರಿ. ಕಾಯುವವರ ವಯಸ್ಸು ಮಾತ್ರ ಕಾಯುವುದಿಲ್ಲ. 2025ರಲ್ಲಿ ಧಾರವಾಡದ ಆ ಮಕ್ಕಳು ಬೀದಿಗಿಳಿದಾಗ ಅವರಲ್ಲಿ ಎಲ್ಲ ಜಾತಿಯವರೂ ಇದ್ದರು. ನೇಮಕಾತಿ ನಿಂತಾಗ ಕೋಟಾದವರೂ ನಿಂತರು, ಮೆರಿಟ್‌ನವರೂ ನಿಂತರು.

ಈ ನಡುವೆ ಖಾಲಿ ಕುರ್ಚಿಗಳಲ್ಲಿ ಕೆಲಸ ನಡೆಯುತ್ತಲೇ ಇದೆ, ಹೊರಗುತ್ತಿಗೆಯಲ್ಲಿ. ಏಜೆನ್ಸಿ ಮೂಲಕ ಬಂದ ಡೇಟಾ ಎಂಟ್ರಿ ಆಪರೇಟರ್, ಡ್ರೈವರ್, ನರ್ಸ್. ಇವರಿಗೆ ಜ್ಯೇಷ್ಠತಾ ಪಟ್ಟಿಯೇ ಇಲ್ಲ. ಹತ್ತು ವರ್ಷ ದುಡಿದವರೂ ನಾಳೆ ಹೊಸಬರೇ. ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಿ ಅಂತ 2024ರಲ್ಲಿ ಸರ್ಕಾರ ಕಾಗದ ಹೊರಡಿಸಿತು, ಸರಿ. ಆದರೆ ಬಡ್ತಿಯೇ ಇಲ್ಲದ ನೌಕರಿಯಲ್ಲಿ ಮೀಸಲಾತಿ ಏನು ಕೊಡುತ್ತದೆ? ಹನ್ನೆರಡು ಸಾವಿರ, ಹದಿನೈದು ಸಾವಿರ ಸಂಬಳದ ಸಮಾನತೆ. ಮೀಸಲಾತಿ ವಿರೋಧಿಗಳೂ ಪರವಾಗಿರುವವರೂ ಪಾಳಿಗಾಗಿ ಬಡಿದಾಡುತ್ತಿರುವಾಗ, ಪಾಳಿ ಹಚ್ಚಿದ ಕಟ್ಟಡವನ್ನೇ ಸದ್ದಿಲ್ಲದೆ ಕಳಚುತ್ತಿದ್ದಾರೆ.

ನನ್ನ ನಿಲುವು ಗೊಂದಲ ಇಲ್ಲದೆ ಹೇಳುತ್ತೇನೆ. ಬಡ್ತಿ ಕೊಟ್ಟ ಮೇಲೆ ಅದರ ಜ್ಯೇಷ್ಠತೆಯನ್ನೂ ಕೊಡಬೇಕು. ಕುರ್ಚಿ ಕೊಟ್ಟು ಅದರ ಪಾಳಿ ಕೊಡದಿದ್ದರೆ, ಊಟಕ್ಕೆ ಕರೆದು ಹೊರಗಿನ ಜಗಲಿ ಮೇಲೆ ಎಲೆ ಹಾಕಿದ ಹಾಗೆ. ಹಳ್ಳಿಯಲ್ಲಿ ಬೆಳೆದವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹಾಗೆಯೇ, ಒಂದು ವೃಂದದಲ್ಲಿ ಪ್ರಾತಿನಿಧ್ಯ ತುಂಬಿದ್ದರೆ ಅಲ್ಲಿ ರೋಸ್ಟರ್ ನಿಲ್ಲಬೇಕು. ಎರಡೂ ಮಾತು ಸಂವಿಧಾನದಲ್ಲೇ ಇವೆ. ಎರಡೂ ನಡೆಯಬೇಕಾದರೆ ಬೇಕಾದದ್ದು ಒಂದು ಲೆಕ್ಕ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು ಇರಲಿ. ಪ್ರತಿ ಇಲಾಖೆ ಪ್ರತಿ ವರ್ಷ ಜನವರಿಯಲ್ಲಿ ವೃಂದವಾರು ಹುದ್ದೆ, ಭರ್ತಿ, ಖಾಲಿ, ಮೀಸಲು ಎಷ್ಟು ಅಂತ ತನ್ನ ವೆಬ್‌ಸೈಟಿನಲ್ಲಿ ಹಾಕಲಿ. ರೋಸ್ಟರ್ ರಿಜಿಸ್ಟರ್ ಸಾರ್ವಜನಿಕವಾಗಲಿ. ಜ್ಯೇಷ್ಠತಾ ಪಟ್ಟಿ ಗೊತ್ತಾದ ದಿನಾಂಕದೊಳಗೆ ಅಂತಿಮವಾಗಲಿ, ಆಗದಿದ್ದರೆ ಕಡತ ಹಿಡಿದಿಟ್ಟ ಅಧಿಕಾರಿಯ ಬಡ್ತಿ ಮೊದಲು ನಿಲ್ಲಲಿ. ಪ್ರಭಾರ ಆರು ತಿಂಗಳು ದಾಟಬಾರದು. ಇದರಲ್ಲಿ ರಾಕೆಟ್ ವಿಜ್ಞಾನ ಏನೂ ಇಲ್ಲ. ನಾಲ್ಕು ಟೇಬಲ್, ಒಂದು ವೆಬ್ ಪುಟ. ನಮ್ಮಂಥ ಮೂವರು ಕೂತರೆ ಎರಡು ವಾರದಲ್ಲಿ ಆಗುವ ಕೆಲಸ.

ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಫೀಸು. ಸಂಜೆ ತಿನ್ನುವ ಗಿರಮಿಟ್ಟಿಗಿಂತ ಕಡಿಮೆ. ನಿಮ್ಮ ತಾಲ್ಲೂಕಿನ ಒಂದು ಇಲಾಖೆ ಆರಿಸಿಕೊಳ್ಳಿ, ಒಂದು ವೃಂದದ ಲೆಕ್ಕ ಕೇಳಿ. ಉತ್ತರ ಬಂದರೆ ಫಾರ್ವರ್ಡ್ ಮಾಡಿ. ಬರದಿದ್ದರೆ, ಬರಲಿಲ್ಲ ಅನ್ನುವುದನ್ನೇ ಫಾರ್ವರ್ಡ್ ಮಾಡಿ. ಅಲ್ಲಿಯವರೆಗೆ ಮೆರಿಟ್ ಬಗ್ಗೆ ಭಾಷಣ ಸಾಕು ಮಾಡ್ರಿ.